ಡೋಲಿಯಲ್ಲಿ ಹೋದ ಗುಂಡುಕಲ್ಲು

ಶ್ರವಣಬೆಳಗೊಳದ ದೊಡ್ಡ ಬೆಟ್ಟಕ್ಕೆ ವಯಸ್ಸಾದವರು, ಮಂಡಿ ಸವೆದವರು ಡೋಲಿಯಲ್ಲಿ ಹೋಗುವುದುಂಟು. ಆದರೆ ರುಬ್ಬುವ ಗುಂಡುಕಲ್ಲನ್ನು ಡೋಲಿಯಲ್ಲಿ ಕೂರಿಸಿ, ಅದರ ಹಿಂದೆ ಬರಿಗಾಲಲ್ಲಿ ಏದುಸಿರು ಬಿಡುತ್ತಾ ನಡೆದವನು, ಗೊಮ್ಮಟ ಎದ್ದು ನಿಂತ 981ರಿಂದ ಇವತ್ತಿನ ತನಕ, ನಾನೊಬ್ಬನೇ ಇರಬೇಕು.

ಇದಕ್ಕೆ ಕಾರಣ ರಾಬರ್ಟ್ ಡಿ ನಿರೊ.

ಒಂದು ಶನಿವಾರ ರಾತ್ರಿ ಹಲಸಿನ ತೊಳೆ ನಾಲ್ಕು ಹೆಚ್ಚಿಗೆ ತಿಂದು, ನಿದ್ದೆ ಹತ್ತದೆ, ಮಗನ ಹಳೇ ಲ್ಯಾಪ್‌ಟಾಪಿನಲ್ಲಿ ‘ದಿ ಮಿಷನ್’ ಎಂಬ ಸಿನಿಮಾ ಹಾಕಿಕೊಂಡು ಕೂತೆ. ಹೆಸರು ನೋಡಿ, ಯಾರೋ ಗೂಢಚಾರ ಎತ್ತರದ ಕಟ್ಟಡದಿಂದ ಹಗ್ಗ ಹಿಡಿದು ಇಳಿಯುತ್ತಾನೆ ಅಂದುಕೊಂಡಿದ್ದೆ. ಹಗ್ಗವೇನೋ ಇತ್ತು. ಹಗ್ಗದವನು ಮಾತ್ರ ಇಳಿಯುತ್ತಿರಲಿಲ್ಲ, ಹತ್ತುತ್ತಿದ್ದ.

1986ರ ಚಿತ್ರ ಅದು. ನಿರ್ದೇಶಕ ರೋಲಾಂಡ್ ಜಾಫೆ. ಬರೆದವರು ‘ಲಾರೆನ್ಸ್ ಆಫ್ ಅರೇಬಿಯಾ’ ಬರೆದ ರಾಬರ್ಟ್ ಬೋಲ್ಟ್. ಕತೆ ನಡೆಯುವುದು 1750ರ ಆಸುಪಾಸಿನ ದಕ್ಷಿಣ ಅಮೆರಿಕದಲ್ಲಿ, ಈಗ ಪರಗ್ವೆ, ಅರ್ಜೆಂಟೀನಾ, ಬ್ರೆಜಿಲ್ ಮೂರೂ ಕೂಡುವ ಕಡೆಯ ಕಾಡಿನಲ್ಲಿ. ಡಿ ನಿರೊ ಇದರಲ್ಲಿ ರಾಡ್ರಿಗೊ ಮೆಂಡೋಜಾ ಅಂತ ಒಬ್ಬ ಕೂಲಿ ಯೋಧ. ಜಲಪಾತದ ಮೇಲಿನ ಕಾಡಿಗೆ ನುಗ್ಗಿ ಗ್ವಾರಾನಿ ಜನರನ್ನು ಹಿಡಿದು ತಂದು ಗುಲಾಮರನ್ನಾಗಿ ಮಾರುವುದು ಅವನ ಕಸುಬು. ಅವನು ಒಲಿದ ಹೆಣ್ಣು ಅವನ ತಮ್ಮನಿಗೆ ಒಲಿಯುತ್ತಾಳೆ. ನಡುಬೀದಿಯಲ್ಲಿ ಕತ್ತಿ ಹಿರಿದು ತಮ್ಮನನ್ನೇ ಕೊಂದುಬಿಡುತ್ತಾನೆ. ದ್ವಂದ್ವಯುದ್ಧ ಅಂತ ಕಾನೂನು ಅವನನ್ನು ಮುಟ್ಟುವುದಿಲ್ಲ. ಅದೇ ಅವನಿಗೆ ದೊಡ್ಡ ಶಿಕ್ಷೆ. ಕತ್ತಲೆ ಕೋಣೆಯಲ್ಲಿ ಮುಖ ತಿರುಗಿಸಿಕೊಂಡು, ಸಾಯುವುದನ್ನೇ ಕಾಯುತ್ತಾ ಕೂತವನ ಹತ್ತಿರ ಗೇಬ್ರಿಯಲ್ ಎಂಬ ಜೆಸ್ವಿಟ್ ಪಾದ್ರಿ ಬಂದು, ಪ್ರಾಯಶ್ಚಿತ್ತ ಮಾಡುವ ಗುಂಡಿಗೆ ಇದೆಯೇನಯ್ಯಾ ಅಂತ ಕೆಣಕುತ್ತಾನೆ.

ಪ್ರಾಯಶ್ಚಿತ್ತ ಏನೆಂದರೆ, ತನ್ನ ಕವಚ, ಕತ್ತಿ ಎಲ್ಲವನ್ನೂ ಒಂದು ಬಲೆಯಲ್ಲಿ ತುಂಬಿ, ಮೂಟೆ ಕಟ್ಟಿ, ಹಗ್ಗದಿಂದ ಮೈಗೆ ಬಿಗಿದುಕೊಂಡು ಜಲಪಾತದ ಪಕ್ಕದ ಬಂಡೆ ಹತ್ತಿ ಗ್ವಾರಾನಿಗಳ ಊರಿಗೆ ಹೋಗುವುದು. ಹತ್ತುತ್ತಾನೆ, ಜಾರುತ್ತಾನೆ, ಕೆಸರಲ್ಲಿ ಬೀಳುತ್ತಾನೆ, ಮತ್ತೆ ಹತ್ತುತ್ತಾನೆ. ಜೊತೆಯ ಪಾದ್ರಿಯೊಬ್ಬ ನೋಡಲಾರದೆ ಹಗ್ಗ ಕತ್ತರಿಸಿ ಮೂಟೆ ಕೆಳಗೆ ಬೀಳಿಸಿದರೆ, ಇವನು ಮಾತಿಲ್ಲದೆ ಇಳಿದು ಹೋಗಿ ಅದನ್ನೇ ಮತ್ತೆ ಕಟ್ಟಿಕೊಂಡು ಬರುತ್ತಾನೆ. ಕೊನೆಗೆ ಮೇಲೆ ತಲುಪಿ, ಕೆಸರು ಮೆತ್ತಿದ ಪ್ರಾಣಿಯ ಹಾಗೆ ಮೊಣಕಾಲೂರುತ್ತಾನೆ. ಅವನು ಬೇಟೆಯಾಡಿದ ಜನರೇ ಎದುರಿಗೆ. ಒಬ್ಬ ಓಡಿ ಬಂದು ಕುತ್ತಿಗೆಗೆ ಚಾಕು ಹಿಡಿಯುತ್ತಾನೆ. ಉಸಿರು ನಿಲ್ಲುವ ಹೊತ್ತು. ಚಾಕು ಸರಿದು ಹಗ್ಗವನ್ನು ಕೊಯ್ಯುತ್ತದೆ. ಮೂಟೆ ಉರುಳಿ ನದಿಗೆ. ಮೆಂಡೋಜಾ ಅಳುತ್ತಾನೆ, ಅವರು ನಗುತ್ತಾರೆ, ಆಮೇಲೆ ಅವನೂ ಅಳುತ್ತಲೇ ನಗುತ್ತಾನೆ.

ನಾನೂ ಅತ್ತೆ. ಸದ್ದು ಜೋರಾಯಿತೇನೋ. ಒಳಗಿಂದ ಮನೆಯವಳು ಎದ್ದು ಬಂದು, “ಯಾರ್ರೀ ಹೋಗ್ಬಿಟ್ಟಿದ್ದು?” ಅಂದಳು.

“ಯಾರೂ ಹೋಗಿಲ್ಲ. ಒಬ್ಬ ಬಂದ,” ಅಂದು ಲ್ಯಾಪ್‌ಟಾಪ್ ಮುಚ್ಚಿದೆ. ಇದಕ್ಕಿಂತ ಚೆನ್ನಾಗಿ ಯಾವ ಸಿನಿಮಾ ಮುಗಿಯಲು ಸಾಧ್ಯ? ಅದು ಸಿನಿಮಾದ ನಡುಮಧ್ಯ, ಇನ್ನೂ ಒಂದು ಗಂಟೆಗೂ ಮೀರಿ ಬಾಕಿಯಿತ್ತು ಅನ್ನುವುದು ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಗಡಿಬಿಡಿಯಲ್ಲಿ ಅರ್ಧ ಸಿನಿಮಾ ನೋಡಿ ಪೂರ್ತಿ ಪ್ರಾಯಶ್ಚಿತ್ತಕ್ಕೆ ಹೊರಟವನು ನಾನು.

ನನಗೂ ಒಬ್ಬ ತಮ್ಮನಿದ್ದಾನೆ. ಕೊಂದಿಲ್ಲ. ಏಳು ವರ್ಷದಿಂದ ಮಾತು ಬಿಟ್ಟಿದ್ದೆ, ಅಷ್ಟೆ.

ಊರಿನ ಮನೆ ಮಾರಿದಾಗ ಜಮೀನು ಜಗಳವಿಲ್ಲದೆ ಭಾಗವಾಯಿತು. ಬಂಗಾರ ಭಾಗವಾಯಿತು. ಹಿತ್ತಾಳೆ ಕೊಳಗ, ಕಡಾಯಿ, ಅಜ್ಜಿಯ ಅಡಕತ್ತರಿ ತನಕ ಎಲ್ಲ ಸಲೀಸಾಗಿ ಆಯಿತು. ಕೊನೆಗೆ ಉಳಿದಿದ್ದು ಹಿತ್ತಲಿನ ಒರಳುಕಲ್ಲು. ನನಗೆ ಬೇಕು ಅಂದೆ. ನನಗೆ ಬೇಕು ಅಂದ. ನಮ್ಮಿಬ್ಬರ ಮನೆಯಲ್ಲೂ ಮಿಕ್ಸಿ ಇತ್ತು, ಗ್ರೈಂಡರ್ ಇತ್ತು. ಅದು ಮುಖ್ಯವಲ್ಲ. ಬೆಳಗಿಂದ ಸಂಜೆಯವರೆಗೆ ಪಂಚಾಯ್ತಿ ಮಾಡಿ ರೋಸಿಹೋದ ಸೋದರಮಾವ, ಬಸ್ಸಿಗೆ ಹೊತ್ತಾಯ್ತು ಅಂತ ಚಪ್ಪಲಿ ಮೆಟ್ಟಿಕೊಂಡು, “ಒರಳು ಅವನಿಗೆ, ಗುಂಡು ಇವನಿಗೆ. ಹಾಳಾಗ್ ಹೋಗಿ,” ಅಂದುಬಿಟ್ಟರು. ಅವರು ಬೈದಿದ್ದು. ನಾವು ತೀರ್ಪು ಅಂದುಕೊಂಡೆವು.

ಹಾಗಾಗಿ ಚನ್ನರಾಯಪಟ್ಟಣದ ತಮ್ಮನ ಮನೆಯಲ್ಲಿ ಗುಂಡಿಲ್ಲದ ಒರಳು, ಹಾಸನದ ನನ್ನ ಮನೆಯಲ್ಲಿ ಒರಳಿಲ್ಲದ ಗುಂಡು. ನಾನು ಅದನ್ನು ಪಡಸಾಲೆ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒತ್ತಾಗಿ ಇಟ್ಟಿದ್ದೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಮೂವತ್ತು ವರ್ಷ ಕಚೇರಿಯಲ್ಲಿ ಟಿಪ್ಪಣಿ ಬರೆದ ಕೈ ಕೇಳಬೇಕಲ್ಲ. ಮೆಂಡೋಜಾನ ಆಯುಧ ಕತ್ತಿ, ನನ್ನದು ರಿಜಿಸ್ಟರ್ಡ್ ಪೋಸ್ಟು. ಏಳು ಪುಟದ ಕಾಗದ, ‘ವಿಷಯ’, ‘ಉಲ್ಲೇಖ’ ಎಲ್ಲ ಹಾಕಿ, ಸ್ವೀಕೃತಿ ಚೀಟಿ ಸಮೇತ ಕಳಿಸಿದ್ದೆ. ಒಂದು ಜೆರಾಕ್ಸ್ ಪ್ರತಿ ಕಡತದಲ್ಲಿಟ್ಟಿದ್ದೆ. ಸ್ವಂತ ತಮ್ಮನಿಗೆ ಬರೆದ ಕಾಗದದ ಕಚೇರಿ ಪ್ರತಿ ಇಟ್ಟುಕೊಂಡವನಿಗೆ ಪ್ರಾಯಶ್ಚಿತ್ತ ಬೇಕೇ ಬೇಕು ಅಂತ ಈಗ ನನಗೂ ಅನ್ನಿಸುತ್ತದೆ.

ಭಾನುವಾರ ಬೆಳಗ್ಗೆ ಕಾಫಿಗೆ ಮುಂಚೆಯೇ ತೀರ್ಮಾನ ಹೇಳಿದೆ. ಗುಂಡುಕಲ್ಲನ್ನೂ ಆ ಕಾಗದದ ಪ್ರತಿಯನ್ನೂ ಮೂಟೆ ಕಟ್ಟಿ ಬೆಟ್ಟ ಹತ್ತುತ್ತೇನೆ.

“ಯಾವ ಬೆಟ್ಟ?”

“ಬೆಳಗೊಳ.”

ಯಾಕೆ ಬೆಳಗೊಳ ಅನ್ನುವುದಕ್ಕೆ ನನ್ನ ಹತ್ತಿರ ಭಾಷಣವೇ ಸಿದ್ಧವಿತ್ತು. ಸಿನಿಮಾದ ಜಲಪಾತ ಇಗ್ವಾಸು, ಅದು ನಮಗೆ ದೂರ. ಜಲಪಾತವೇ ಬೇಕೆಂದರೆ ಜೋಗವಿದೆ, ಆದರೆ ಇಗ್ವಾಸುವಿನ ಎತ್ತರ 80 ಮೀಟರಿನ ಆಸುಪಾಸು, ಜೋಗದ್ದು 253. ಅಲ್ಲಿ ಮೂಟೆ ಎಳೆಯಲು ಹೋದರೆ ಸಿನಿಮಾ ಮೂರು ಪಟ್ಟು ಉದ್ದವಾಗುತ್ತದೆ, ನನ್ನ ಆಯಸ್ಸು ಅದೇ ಲೆಕ್ಕದಲ್ಲಿ ಗಿಡ್ಡವಾಗುತ್ತದೆ. ಅದೂ ಅಲ್ಲದೆ ಅಣ್ಣತಮ್ಮಂದಿರ ಯುದ್ಧಕ್ಕೆ, ಯುದ್ಧ ಬಿಟ್ಟ ಯೋಧನಿಗೆ ಬೆಳಗೊಳಕ್ಕಿಂತ ದೊಡ್ಡ ಸಾಕ್ಷಿ ಎಲ್ಲಿದೆ? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದು, ಅಣ್ಣ ಭರತನನ್ನು ಎತ್ತಿ ಹಿಡಿದ ಬಾಹುಬಲಿ ನೆಲಕ್ಕೆ ಕುಕ್ಕಲಿಲ್ಲ, ಮೆಲ್ಲಗೆ ಇಳಿಸಿದ, ಎಲ್ಲ ಬಿಟ್ಟು ತಪಸ್ಸಿಗೆ ನಿಂತ. ಬಳ್ಳಿ ಹಬ್ಬಿತು, ಕಾಲ ಬಳಿ ಹುತ್ತ ಬೆಳೆಯಿತು. ಆದರೂ ಕೇವಲಜ್ಞಾನ ಬರಲಿಲ್ಲ, ಅಣ್ಣನ ನೆಲದ ಮೇಲೆ ನಿಂತಿದ್ದೇನಲ್ಲಾ ಎಂಬ ಮುಳ್ಳೊಂದು ಒಳಗೆ ಉಳಿದಿತ್ತು. ಭರತನೇ ಬಂದು ಕೈಮುಗಿದ ಮೇಲೆ ಆ ಮುಳ್ಳು ಹೋಯಿತು. ಗ್ವಾರಾನಿ ಮನುಷ್ಯ ಹಗ್ಗ ಕೊಯ್ದ ಹಾಗೆ! ನೋವುಂಡವನೇ ಬಂದು ಕೊಯ್ಯಬೇಕು, ನಮ್ಮ ಹಗ್ಗ ನಾವೇ ಕೊಯ್ದುಕೊಳ್ಳಲು ಬರುವುದಿಲ್ಲ ಅಂತ ಕೈ ಎತ್ತಿ ಹೇಳಿದೆ.

ಮನೆಯವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. “ಬಾಹುಬಲಿ ತಮ್ಮ ಅಲ್ವೇನ್ರೀ? ನೀವು ಅಣ್ಣ. ಲೆಕ್ಕದ ಪ್ರಕಾರ ಭರತ. ಕೈ ಮುಗಿಯೋಕೆ ಹೋಗ್ಬೇಕಾದೋರು ನೀವೇ.”

ಈ ತಾಂತ್ರಿಕ ಅಡಚಣೆಯನ್ನು ನಾನು ಗಮನಿಸಿರಲಿಲ್ಲ. ಗಮನಿಸದ ಹಾಗೆ ಮಾಡಿ ತೂಕದ ಯಂತ್ರ ತಂದೆ. ಗುಂಡು ಹನ್ನೊಂದು ಕೆಜಿ ಇತ್ತು. ಈರುಳ್ಳಿ ತುಂಬಿ ಬರುವ ಕೆಂಪು ಬಲೆಚೀಲ ಸಿಕ್ಕಿತು. ಬಲೆ ಅಂದರೆ ಬಲೆಯೇ, ಮೆಂಡೋಜಾನದಕ್ಕೂ ನನ್ನದಕ್ಕೂ ಈರುಳ್ಳಿ ಸಿಪ್ಪೆಯಷ್ಟೇ ವ್ಯತ್ಯಾಸ. ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಬಿಚ್ಚಿಕೊಂಡೆ. ನನ್ನ ಹಿಂದೆಯೇ ಅವಳು ಫೋನಿನಲ್ಲಿ ಯಾರ ಜೊತೆಗೋ ಪಿಸುಗುಟ್ಟಿ ನಗುತ್ತಿದ್ದುದು ಕೇಳಿಸಿತು. ತವರಿನವರಿರಬೇಕು ಅಂದುಕೊಂಡೆ.

ಹಾಸನದಿಂದ ಬೆಳಗೊಳಕ್ಕೆ ಹೋಗಬೇಕೆಂದರೆ ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಬೇಕು. ಅಂದರೆ, ತಮ್ಮನ ಮನೆಯಿಂದ ಐದು ನಿಮಿಷದ ದಾರಿಯ ಬಸ್‌ಸ್ಟ್ಯಾಂಡಿನಲ್ಲಿ, ತಮ್ಮನಿಗೆ ಸೇರಬೇಕಾದ ಕಲ್ಲನ್ನು ಕಾಲ ಬಳಿ ಇಟ್ಟುಕೊಂಡು, ತಮ್ಮನ ಸಲುವಾಗಿ ಪ್ರಾಯಶ್ಚಿತ್ತ ಮಾಡಲು ಇನ್ನೂ 13 ಕಿಲೋಮೀಟರು ಮುಂದೆ ಹೋಗುವ ಬಸ್ಸಿಗೆ ನಾನು ಇಪ್ಪತ್ತು ನಿಮಿಷ ಕಾದೆ. ಅದರಲ್ಲೇನೂ ತಮಾಷೆ ಇದೆ ಅಂತ ಆಗ ಅನ್ನಿಸಲಿಲ್ಲ. ಕಂಡಕ್ಟರ್ ಬಲೆಚೀಲವನ್ನು ಕಾಲಿನಿಂದ ಸರಿಸಲು ನೋಡಿ, ಸರಿಯದೆ, ಬೆರಳು ಹಿಡಿದುಕೊಂಡು, “ಏನ್ ಸಾರ್ ಇದು?” ಅಂದ.

“ಪಾಪ,” ಅಂದೆ.

“ಅರ್ಧ ಟಿಕೆಟ್ಟಾ?”

ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟೆ. ವಿಂಧ್ಯಗಿರಿಯ ಮೆಟ್ಟಿಲುಗಳು ಬೆಟ್ಟದ ಬಂಡೆಯಲ್ಲೇ ಕಡಿದಂಥವು, 600ಕ್ಕೂ ಹೆಚ್ಚು. ಬೇಸಿಗೆಯ ಹತ್ತು ಗಂಟೆಗೆ ಬಂಡೆ ಆಗಲೇ ದೋಸೆ ಹಂಚಾಗಿತ್ತು. ತಿಳಿದವರು ಕಾಲುಚೀಲ ಹಾಕಿಕೊಂಡು ಬಂದಿದ್ದರು. ನಾನು ಹಗ್ಗದ ತುದಿಯನ್ನು ಸೊಂಟಕ್ಕೆ, ಎದೆಗೆ ಬಿಗಿದುಕೊಂಡೆ. ಕಿವಿಗೆ ಇಯರ್‌ಫೋನು ಸಿಕ್ಕಿಸಿದೆ. ಈ ಚಿತ್ರಕ್ಕೆ ಸಂಗೀತ ಎನ್ನಿಯೊ ಮೊರಿಕೋನೆ ಅವರದು. ಗೇಬ್ರಿಯಲ್ ಪಾದ್ರಿ ಕಾಡಿನಲ್ಲಿ ಒಂಟಿಯಾಗಿ ಕೂತು ಓಬೊ ಊದುವ ರಾಗ ಜಗತ್ತಿನಲ್ಲೆಲ್ಲ ಮದುವೆ ಮನೆಯ ತನಕ ಹೋಗಿದೆ. ಅದಕ್ಕೆ ಆ ವರ್ಷ ಆಸ್ಕರ್ ಬರಲಿಲ್ಲ, ಚಿತ್ರಕ್ಕೆ ಸಿಕ್ಕಿದ್ದು ಛಾಯಾಗ್ರಹಣಕ್ಕೆ ಒಂದೇ ಒಂದು. ಆಸ್ಕರ್‌ನವರಿಗೂ ಒಂದು ಪ್ರಾಯಶ್ಚಿತ್ತ ಬಾಕಿ ಇದೆ ಅಂತ ನನ್ನ ಅಭಿಪ್ರಾಯ. ರಾಗ ಶುರುವಾಯಿತು. ನಮ್ಮ ನಾಗಸ್ವರದ ದೂರದ ನೆಂಟನಂತೆ ಕೇಳುವ ಆ ದನಿ ಹೃದಯ ಹೊಕ್ಕಿತು. ಕಣ್ಣು ಮುಚ್ಚಿ ಮೊದಲನೇ ಮೆಟ್ಟಿಲ ಮೇಲೆ ಕಾಲಿಟ್ಟೆ. ಹಗ್ಗ ಬಿಗಿಯಿತು. ರಾಗ ನಿಂತು ಹೆಣ್ಣೊಬ್ಬಳು, “ನಿಮಗೆ ಮಂಡಿನೋವೇ?” ಅಂತ ಕೇಳಿದಳು. ಜಾಹೀರಾತು. ಐದು ಸೆಕೆಂಡಾದ ಮೇಲೆ ಬಿಟ್ಟುಬಿಡಬಹುದಿತ್ತು, ಆದರೆ ನನ್ನ ಎರಡೂ ಕೈ ಹಗ್ಗದಲ್ಲಿದ್ದವು.

ಎಂಟನೇ ಮೆಟ್ಟಿಲಿಗೆ ಕಾವಲಿನವರೊಬ್ಬರು ಓಡಿ ಬಂದರು. “ಸಾರ್ ಸಾರ್, ಕಲ್ಲು ಎಳೀಬೇಡಿ. ಮೆಟ್ಲು ಹಾಳಾಗುತ್ತೆ. ಹಳೇ ಮೆಟ್ಲು ಇವು.”

ನ್ಯಾಯವಾದ ಮಾತು. ಇಗ್ವಾಸುವಿನ ಬಂಡೆಗೆ ಕಾವಲಿರಲಿಲ್ಲ, ಡಿ ನಿರೊಗೆ ಎಳೆಯುವ ಸ್ವಾತಂತ್ರ್ಯವಿತ್ತು. ನಾನು ಹೊರಬೇಕಾಯಿತು. ಹೆಗಲಿಗೆ ಹಾಕಿಕೊಂಡರೆ ಬೆನ್ನಿಗೆ ಬಡಿಯುತ್ತದೆ, ಎದೆಗೆ ಅವುಚಿಕೊಂಡರೆ ಮೆಟ್ಟಿಲು ಕಾಣುವುದಿಲ್ಲ, ತಲೆ ಮೇಲೆ ಇಟ್ಟುಕೊಂಡರೆ ಕತ್ತು ಒಳಕ್ಕೆ ಹೋಗುತ್ತದೆ. ‘ರೇಜಿಂಗ್ ಬುಲ್’ ಚಿತ್ರಕ್ಕಾಗಿ ಡಿ ನಿರೊ 27 ಕೆಜಿ ತೂಕ ಹೆಚ್ಚಿಸಿಕೊಂಡು ಆಸ್ಕರ್ ಗೆದ್ದ. ಅಷ್ಟು ತೂಕ ನಾನೂ ಹೆಚ್ಚಿಸಿಕೊಂಡಿದ್ದೇನೆ, ಯಾರೂ ಕೇಳಿಲ್ಲ. ನೂರಾ ನಲವತ್ತನೇ ಮೆಟ್ಟಿಲಿಗೆ ನನ್ನ ಮತ್ತು ಕಲ್ಲಿನ ನಡುವೆ ಯಾರು ಯಾರನ್ನು ಹೊತ್ತಿದ್ದಾರೆ ಎಂಬುದೇ ತಿಳಿಯದಾಯಿತು. ಕೂತೆ. ಬಂಡೆ ಚುರ್ರೆಂದಿತು. ಎದ್ದೆ.

ಆಗ ಒಬ್ಬರು ಅಜ್ಜಿ, ಎಂಬತ್ತರ ಹತ್ತಿರ ಇರಬೇಕು, ಕೈಯಲ್ಲಿ ಪುಟ್ಟ ಸ್ಟೀಲ್ ತಂಬಿಗೆ ಹಿಡಿದು, ಹುಣಿಸೆಹಣ್ಣು ಚೀಪುತ್ತಾ ನನ್ನನ್ನು ದಾಟಿ ಹೋದರು. ನಾಲ್ಕು ಮೆಟ್ಟಿಲು ಮೇಲೆ ನಿಂತು ತಿರುಗಿ, “ಏನಪ್ಪಾ ಅದು, ಹರಕೆನಾ?” ಅಂದರು.

“ಪ್ರಾಯಶ್ಚಿತ್ತ, ಅಜ್ಜಿ. ತಮ್ಮನಿಗೆ ಅನ್ಯಾಯ ಮಾಡಿದೆ.”

“ತಮ್ಮ ಮೇಲಿದ್ದಾನಾ?”

“ಇಲ್ಲ, ಚನ್ನರಾಯಪಟ್ಟಣದಲ್ಲಿ.”

ಅಜ್ಜಿ ನನ್ನನ್ನೊಮ್ಮೆ, ಕಲ್ಲನ್ನೊಮ್ಮೆ ನೋಡಿದರು. ತಂಬಿಗೆಯಿಂದ ಎರಡು ಗುಟುಕು ನೀರು ನನ್ನ ಬೊಗಸೆಗೆ ಹಾಕಿ ಏನೂ ಹೇಳದೆ ಹತ್ತಿಕೊಂಡು ಹೋದರು. ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನಿಗೂ ಒಬ್ಬ ಅಜ್ಜಿ ಸಿಕ್ಕಿದ್ದಳು. ಗಂಗರ ದಂಡನಾಯಕ, ‘ಸಮರ ಪರಶುರಾಮ’, ‘ವೀರ ಮಾರ್ತಾಂಡ’ ಎಂದೆಲ್ಲ ಬಿರುದು ಹೊತ್ತ ಯೋಧ, 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣವನ್ನೂ ಬರೆದವನು. ಅಭಿಷೇಕಕ್ಕೆ ಕೊಡಗಟ್ಟಲೆ ಹಾಲು ಹೊಯ್ಯಿಸಿದರೂ ಹೊಕ್ಕುಳಿಂದ ಕೆಳಕ್ಕೆ ಇಳಿಯಲಿಲ್ಲವಂತೆ. ಗುಳ್ಳಕಾಯಿಯ ಸಿಪ್ಪೆಯಲ್ಲಿ ಒಂದಿಷ್ಟು ಹಾಲು ತಂದ ಮುದುಕಿ ಹೊಯ್ದಾಗ ಪಾದ ಮುಟ್ಟಿ ಬೆಟ್ಟವೆಲ್ಲ ಹರಿಯಿತಂತೆ. ನನ್ನಷ್ಟು ದೊಡ್ಡ ಮೂಟೆ ಯಾರದಿದೆ ಅನ್ನುವ ಜಂಬ ಚಾವುಂಡರಾಯನಿಗೆ ಇಳಿಯಿತು. ನನಗೆ ಇಳಿಯಲಿಲ್ಲ. ಕಲ್ಲು ಬಿಟ್ಟು ಹೋಗುವ ಮಾತೇ ಇಲ್ಲ ಅಂತ ಹಟ ಹಿಡಿದು ಡೋಲಿಯವರನ್ನು ಕರೆದೆ.

“ಹತ್ತಿ ಸಾರ್,” ಅಂದರು.

“ನನಗಲ್ಲ. ಇದಕ್ಕೆ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನುಷ್ಯರ ದರವೇ ಕೊಡುತ್ತೇನೆ ಅಂದ ಮೇಲೆ ಒಪ್ಪಿದರು. ಬಿಸಿಲಿಗೆ ತಲೆಗೆ ಕಟ್ಟಿಕೊಂಡಿದ್ದ ಶಲ್ಯವನ್ನು ಕಲ್ಲು ಉರುಳದಂತೆ ಸುತ್ತ ಹೊದಿಸಿದೆ. ಅದೇ ತಪ್ಪಾಯಿತು. ಕಪ್ಪಗೆ, ನುಣ್ಣಗೆ, ಶಲ್ಯ ಹೊದ್ದು ಡೋಲಿಯಲ್ಲಿ ಕೂತು ಮೇಲೇರುತ್ತಿರುವ ಗುಂಡನೆಯ ಕಲ್ಲನ್ನು ಕಂಡು ನಮ್ಮ ಜನ ಸುಮ್ಮನಿರುತ್ತಾರೆಯೇ? ಇಳಿದು ಬರುತ್ತಿದ್ದವರು ಪಕ್ಕಕ್ಕೆ ಸರಿದು ಕೈ ಮುಗಿದರು. ಯಾವ ದೇವರು ಅಂತ ಕೇಳಿದವರಿಗೆ ದೇವರಲ್ಲ ಅನ್ನಲು ನನ್ನಲ್ಲಿ ಉಸಿರಿರಲಿಲ್ಲ. ಮಾತಾಡದೆ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವನನ್ನು ಮಂತ್ರ ಹೇಳುತ್ತಿದ್ದಾನೆ ಅಂದುಕೊಂಡರು. ಒಬ್ಬಾಕೆ ಮಗುವಿನ ತಲೆಯನ್ನು ಡೋಲಿಗೆ ತಾಗಿಸಿದಳು. ಯಾರೋ ಹತ್ತು ರೂಪಾಯಿ ಇಟ್ಟರು. ಮೇಲೆ ತಲುಪುವ ಹೊತ್ತಿಗೆ ನಲವತ್ತು ರೂಪಾಯಿ, ಎರಡು ಬಾಳೆಹಣ್ಣು ಆಗಿತ್ತು. ಹಣ ಡೋಲಿಯವರಿಗೇ ಕೊಟ್ಟೆ. ಬಾಳೆಹಣ್ಣು ತಿಂದೆ. ಇದೂ ಪ್ರಾಯಶ್ಚಿತ್ತದ ಪಟ್ಟಿಗೆ ಸೇರಲಿ.

ಒದೆಗಲ್ ಬಸದಿ, ತ್ಯಾಗದ ಕಂಬ, ಒಂದೇ ಬಂಡೆಯಲ್ಲಿ ಕಡಿದ ಅಖಂಡ ಬಾಗಿಲು ಎಲ್ಲ ದಾಟಿ, ಕಲ್ಲನ್ನು ಹೊರಗೆ ಒಂದು ಮೂಲೆಯಲ್ಲಿ ಬಿಟ್ಟು, ಒಳಗೆ ಹೋಗಿ 58 ಅಡಿಯ ಗೊಮ್ಮಟನ ಮುಂದೆ ನಿಂತೆ. ಮೆಂಡೋಜಾನಂತೆ ಮೊಣಕಾಲೂರಿದೆ. ಏಳಲಾಗಲಿಲ್ಲ. ನನ್ನ ಕುತ್ತಿಗೆಗೆ ಚಾಕು ಹಿಡಿಯುವವರೂ ಇಲ್ಲ, ಹಗ್ಗ ಕೊಯ್ಯುವವರೂ ಇಲ್ಲ. ಬಳ್ಳಿ ಸುತ್ತಿದ ತೋಳುಗಳನ್ನು ಇಳಿಬಿಟ್ಟು ಅವನು ಉತ್ತರಕ್ಕೆ ನೋಡುತ್ತಾ ನಿಂತಿದ್ದ, ಕಾಲ ಬುಡದಲ್ಲಿ ಬಿದ್ದವನು ಯಾರೆಂದು ಬಗ್ಗಿಯೂ ನೋಡದೆ. ಪ್ರವಾಸ ಬಂದಿದ್ದ ಶಾಲೆ ಹುಡುಗರಿಬ್ಬರು ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದರು. ಅಳು ಬರಲಿಲ್ಲ. ಹಸಿವಾಗಿತ್ತು.

ನಿಜವಾದ ಕಷ್ಟ ಇಳಿಯುವಾಗ ಬಂತು.

ಬೆಟ್ಟಕ್ಕೆ ಕಲ್ಲು ತರುವವನನ್ನು ಜನ ಹುಚ್ಚ ಅನ್ನಬಹುದು. ಬೆಟ್ಟದಿಂದ ಕಲ್ಲು ಒಯ್ಯುವವನನ್ನು ಹಾಗೆ ಬಿಡುವುದಿಲ್ಲ. ಕೆಳಗೆ, ಬೆಳಗ್ಗೆ ಇದ್ದ ಕಾವಲಿನವರ ಜಾಗದಲ್ಲಿ ಬೇರೆಯವರಿದ್ದರು. ಶಲ್ಯ ಸುತ್ತಿದ ಕಲ್ಲನ್ನು ಎದೆಗವುಚಿಕೊಂಡು ಕಳ್ಳಹೆಜ್ಜೆ ಹಾಕುತ್ತಾ ಬರುವ ನನ್ನನ್ನು (ಕಾಲು ಸುಡುವಾಗ ಎಲ್ಲ ಹೆಜ್ಜೆಯೂ ಕಳ್ಳಹೆಜ್ಜೆಯೇ) ನೋಡಿ ನಿಲ್ಲಿಸಿದರು.

“ಎಲ್ಲಿ ತೆಗೆದ್ರಿ ಇದನ್ನ?”

“ನಂದೇ ಸಾರ್. ಮನೆಯಿಂದ ತಂದಿದ್ದು.”

“ಮನೆಯಿಂದ ಕಲ್ಲು ತಂದು, ಬೆಟ್ಟ ಹತ್ತಿಸಿ, ವಾಪಸ್ ಒಯ್ತಿದ್ದೀರಾ?”

ಆ ಮನುಷ್ಯ ಹೇಳಿದ ರೀತಿಯಲ್ಲಿ ಅದು ನಿಜಕ್ಕೂ ನಂಬುವಂತಿರಲಿಲ್ಲ. ಮೆಂಡೋಜಾ, ಗ್ವಾರಾನಿ, ಇಗ್ವಾಸು ಎಲ್ಲ ವಿವರಿಸಿದೆ. ಗುಮಾನಿ ಹೆಚ್ಚಾಯಿತು. ಇದು ಸಂರಕ್ಷಿತ ಸ್ಮಾರಕ, 1958ರ ಕಾಯ್ದೆ ಇದೆ, ಇಲ್ಲಿನ ಕಲ್ಲು ಮುಟ್ಟಬಾರದು ಅಂದರು. ಸರಿಯಾಗಿಯೇ ಅಂದರು. ಕೊನೆಗೆ, “ಎಷ್ಟು ಹಳೇದು ಇದು?” ಅಂತ ಕೇಳಿದರು.

ಇಲ್ಲಿ ನನ್ನ ನಾಲಿಗೆ ನನಗೆ ಗುಂಡಿ ತೋಡಿತು. ನಮ್ಮ ಮನೆಯ ಕಲ್ಲನ್ನು ಯಾರಾದರೂ ನಿನ್ನೆಮೊನ್ನೆಯದು ಅಂದುಕೊಂಡರೆ ಸಹಿಸಲಾದೀತೇ? “ನೂರು ವರ್ಷಕ್ಕೂ ಮೇಲೆ ಸಾರ್, ನಮ್ಮ ಮುತ್ತಜ್ಜಿ ತವರಿಂದ ತಂದಿದ್ದು,” ಅಂತ ಎದೆಯುಬ್ಬಿಸಿ ಹೇಳಿದೆ. ನೂರು ವರ್ಷ ದಾಟಿದ ವಸ್ತುವನ್ನು ಪುರಾವಸ್ತು ಎಂದು ಎಣಿಸಲು 1972ರ ಕಾಯ್ದೆಯೇ ಇದೆ ಅನ್ನುವುದು ಕಚೇರಿಯಲ್ಲಿ ಮೂವತ್ತು ವರ್ಷ ಕಳೆದ ನನಗೆ ಗೊತ್ತಿರಬೇಕಿತ್ತು. ಅವರಿಗೆ ಗೊತ್ತಿತ್ತು.

ದಾಖಲೆ ಏನಾದರೂ ಇದೆಯೇ ಅಂದರು. ಇತ್ತು. ಬಲೆಚೀಲದ ತಳದಲ್ಲಿ ಏಳು ಪುಟದ ಜೆರಾಕ್ಸು. ಕೊಡುವುದೋ ಬೇಡವೋ ಅಂತ ಯೋಚಿಸುವಷ್ಟರಲ್ಲಿ ಕೊಟ್ಟಾಗಿತ್ತು. ಅದು ಸಾಲದು, ಸಾಕ್ಷಿ ಬೇಕು ಅಂದರು. ಈ ಕಲ್ಲು ನಮ್ಮದೇ ಎಂದು ಗುರುತಿಸಬಲ್ಲ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದ, 13 ಕಿಲೋಮೀಟರು ದೂರದಲ್ಲಿ. ಏಳು ವರ್ಷದಿಂದ ಒತ್ತದ ಹೆಸರನ್ನು ಫೋನಿನಲ್ಲಿ ಹುಡುಕಿ ಒತ್ತಿದೆ.

“ಹಲೋ,” ಅಂದ.

“ನಾನು.”

“ಗೊತ್ತಾಯ್ತು.”

“ಬೆಳಗೊಳದಲ್ಲಿದೀನಿ. ಗುಂಡುಕಲ್ಲು ಕದ್ದಿದೀನಿ ಅಂತ ಹಿಡ್ಕೊಂಡಿದಾರೆ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಬಂದೆ ಇರು,” ಅಂದ.

ಸ್ಕೂಟರ್ ಬಂದು ನಿಂತಾಗ ಕಾವಲಿನವರು ಬೆಂಚಿನ ಮೇಲೆ ಕೂತು ನನ್ನ ಕಾಗದದ ನಾಲ್ಕನೇ ಪುಟ ಓದುತ್ತಿದ್ದರು. ಸುತ್ತ ಹತ್ತು ಹದಿನೈದು ಜನ ನೆರೆದಿದ್ದರು, ತಂಬಿಗೆ ಅಜ್ಜಿಯೂ ಸೇರಿದಂತೆ. ಅಕ್ಷರ ಮಸುಕಾಗಿದ್ದರಿಂದ ಅವರು ಜೋರಾಗಿ, ಬಿಡಿಸಿ ಬಿಡಿಸಿ ಓದುತ್ತಿದ್ದರು: “ನಿನ್ನಂಥ... ಕಲ್ಲುಮನಸ್ಸಿನವನಿಗೆ... ಬೇರೆ ಕಲ್ಲು ಏತಕ್ಕೆ... ಬೇಕು. ಚಿಕ್ಕಂದಿನಲ್ಲಿ ನೀನು... ನನ್ನ ಪೆನ್ಸಿಲ್ ಬಾಕ್ಸ್...”

ನನಗೆ ಚಾಕು ಸಿಕ್ಕಿದ್ದು ಅಲ್ಲಿ. ಕುತ್ತಿಗೆಗೇ.

ತಮ್ಮ ಸ್ಟ್ಯಾಂಡ್ ಹಾಕಿ ಬಂದ. ಹೊಟ್ಟೆ ಬಂದಿತ್ತು, ಮೀಸೆ ಬೆಳ್ಳಗಾಗಿತ್ತು. ನನ್ನ ಕಡೆ ನೋಡಲಿಲ್ಲ. “ಓದ್ಬೇಡಿ ಸಾರ್, ಸುಮ್ನೆ ಆಯಾಸ. ನಂಗೆ ಬಾಯಿಪಾಠ ಇದೆ,” ಅಂದ. ಬಗ್ಗಿ ಶಲ್ಯ ಸರಿಸಿ ಕಲ್ಲನ್ನು ತಿರುಗಿಸಿದ. ಬುಡದಲ್ಲಿ ಒಂದು ಕಡೆ ಚಕ್ಕೆ ಎದ್ದಿದೆ. ಅವನು ಐದನೇ ಕ್ಲಾಸಿನಲ್ಲಿದ್ದಾಗ ಜಾರಿಸಿ ಬೀಳಿಸಿದ್ದು, ಏಟು ತಿಂದಿದ್ದು ನಾನು. ಅದರ ಮೇಲೆ ಹೆಬ್ಬೆರಳಾಡಿಸಿ, “ಹೂಂ ಸಾರ್. ನಮ್ದೇ,” ಅಂದ. ಒರಳಿನ ಫೋಟೋ ತೋರಿಸಿದ. ಬೆಳಗ್ಗೆ ಇದ್ದ ಕಾವಲಿನವರೂ ಅಷ್ಟರಲ್ಲಿ ಊಟ ಮುಗಿಸಿ ಬಂದು, ಎಂಟು ಮೆಟ್ಟಿಲು ಎಳೆದವನು ಇವನೇ ಅಂದರು. ಕಾಗದವನ್ನು ಅಚ್ಚುಕಟ್ಟಾಗಿ ಮಡಿಸಿ ನನ್ನ ಕೈಗಿಟ್ಟು, “ಸಾರ್, ಪೆನ್ಸಿಲ್ ಬಾಕ್ಸ್ ಏನಾಯ್ತು?” ಅಂತ ಕೇಳಿದರು. ಮೊದಲು ನಕ್ಕಿದ್ದು ಅಜ್ಜಿ. ಆಮೇಲೆ ತಮ್ಮ. ನಾನೂ ನಕ್ಕೆ, ಆದರೆ ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಸ್ಕೂಟರಿನ ಹಿಂದೆ ಕಲ್ಲನ್ನು ತೊಡೆ ಮೇಲಿಟ್ಟುಕೊಂಡು ಕೂತೆ. “ಬಸ್‌ಸ್ಟ್ಯಾಂಡಲ್ಲಿ ಇಳಿದೋನು ಮನೆಗ್ ಬರೋದಲ್ವಾ ಅಣ್ಣ?” ಅಂದ ದಾರಿಯಲ್ಲಿ. “ಅತ್ತಿಗೆ ಬೆಳಗ್ಗೆ ಏಳಕ್ಕೇ ಫೋನ್ ಮಾಡಿದ್ರು. ಅವರೂ ನನ್ನ ಹೆಂಡ್ತೀನೂ ದಿನಾ ಮಾತಾಡ್ತಾರೆ. ಏಳ್ ವರ್ಷದಿಂದ.”

ಅವನ ಹೆಂಡತಿ, “ಬನ್ನಿ ಭಾವ, ಉದ್ದು ಅಕ್ಕಿ ನೆನೆಹಾಕಿದೀನಿ, ನಿಮ್ಮ ಗುಂಡಿಗೋಸ್ಕರ,” ಅಂದಳು. ಹಿತ್ತಲಿಗೆ ಹೋದೆವು. ಒರಳಿನ ತುಂಬ ಒಂದೆಲಗ ಸೊಂಪಾಗಿ ಬೆಳೆದು ಅಂಚು ಮೀರಿ ಇಳಿದಿತ್ತು. ಕೀಳಲು ಯಾರಿಗೂ ಮನಸ್ಸು ಬರಲಿಲ್ಲ. ಕೀಳೋಣವೇ ಬೇಡವೇ ಅಂತ ನಾವಿಬ್ಬರೂ ಅಲ್ಲೇ ಅರ್ಧ ಗಂಟೆ ವಾದ ಮಾಡಿದೆವು. ದನಿಯೂ ಏರಿತು. ಅವಳು ಸದ್ದಿಲ್ಲದೆ ನೆನೆದ ಉದ್ದು ಅಕ್ಕಿಯನ್ನು ಗ್ರೈಂಡರಿಗೆ ಹಾಕಿಬಿಟ್ಟಿದ್ದಳು. ಒಂದೆಲಗದ ತಂಬುಳಿಯಲ್ಲಿ ಊಟವಾಯಿತು. ಹೊರಡುವಾಗ ಗುಂಡು ನೀನಿಟ್ಟುಕೋ ಅಂದೆ. ಒರಳಿಲ್ಲದೆ ಇದನ್ನಿಟ್ಕೊಂಡು ನಾನೇನ್ ಮಾಡ್ಲಿ, ನೀನೇ ಒಯ್ಯಿ ಅಂದ. ಮತ್ತೆ ವಾದ. ಬಸ್ಸು ಹೊರಟ ಮೇಲೆ ಸೀಟಿನ ಕೆಳಗೆ ಕಾಲಿಗೆ ತಾಗಿತು. ಕೆಂಪು ಬಲೆಚೀಲ, ಮೇಲೊಂದು ಕಂತೆ ಒಂದೆಲಗ.

ಆ ರಾತ್ರಿ ಕಾಲುಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಸಿನಿಮಾದ ಉಳಿದರ್ಧ ನೋಡಿದೆ. ಅದರಲ್ಲಿ ಭಾಗದ ಜಗಳವೂ ಇತ್ತು. 1750ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್‌ನ ದೊರೆಗಳು ಮ್ಯಾಡ್ರಿಡ್‌ನಲ್ಲಿ ಒಪ್ಪಂದ ಮಾಡಿಕೊಂಡು, ಕೊಲೋನಿಯಾ ಎಂಬ ರೇವುಪಟ್ಟಣ ನನಗೆ, ಉರುಗ್ವೆ ನದಿಯ ಆಚೆಯ ಏಳು ಮಿಷನ್ ಊರುಗಳು ನಿನಗೆ ಅಂತ ಹಂಚಿಕೊಂಡರಂತೆ. ಒರಳು ನಿನಗೆ, ಗುಂಡು ನನಗೆ. ವ್ಯತ್ಯಾಸ ಏನೆಂದರೆ ಒರಳಿನೊಳಗೆ ಜನರಿದ್ದರು. ಗ್ವಾರಾನಿಗಳು ಹೋಗುವುದಿಲ್ಲ ಅಂದರು. 1754ರಿಂದ 1756ರವರೆಗೆ ಯುದ್ಧ. ಸತ್ತವರು ಸತ್ತ ಮೇಲೆ, 1761ರಲ್ಲಿ, ಆ ಒಪ್ಪಂದವನ್ನೇ ರದ್ದು ಮಾಡಿದರು. ಸಿನಿಮಾ ಅಷ್ಟು ಮುಂದಕ್ಕೆ ಹೋಗುವುದಿಲ್ಲ. ಪಾದ್ರಿಯಾದ ಮೆಂಡೋಜಾ ತನ್ನ ಜನರನ್ನು ಕಾಯಲು ಮತ್ತೆ ಹೋರಾಟಕ್ಕೆ ನಿಲ್ಲುತ್ತಾನೆ, ಗೇಬ್ರಿಯಲ್ ಕತ್ತಿ ಮುಟ್ಟದೆ ನಿಲ್ಲುತ್ತಾನೆ, ಇಬ್ಬರೂ ಗುಂಡೇಟಿಗೆ ಬೀಳುತ್ತಾರೆ. ಯಾರು ಸರಿ ಅಂತ ಸಿನಿಮಾ ಹೇಳುವುದಿಲ್ಲ. ನನಗೂ ಆ ಹೊತ್ತಿನಲ್ಲಿ ಹೇಳುವ ತ್ರಾಣ ಇರಲಿಲ್ಲ.

ಆದರೆ ಅದಕ್ಕೆ ಮೊದಲು ಒಂದು ದೃಶ್ಯವಿದೆ. ಗ್ವಾರಾನಿ ಹುಡುಗನೊಬ್ಬ ನದಿಗಿಳಿದು, ಅಷ್ಟು ಕಷ್ಟಪಟ್ಟು ಕಳೆದುಕೊಂಡಿದ್ದ ಆ ಕತ್ತಿಯನ್ನು ನೀರಿನಿಂದ ಎತ್ತಿ ತರುತ್ತಾನೆ. ತುಕ್ಕು ಉಜ್ಜಿ, ಸಾಣೆ ಹಿಡಿದು, ಮೆಂಡೋಜಾನ ಮುಂದಿಡುತ್ತಾನೆ. ಡಿ ನಿರೊ ಅದನ್ನು ನೋಡುತ್ತಾ ಕೂರುತ್ತಾನೆ.

ಗಾಳಿ ಬೀಸಿ ಪಡಸಾಲೆಯ ಬಾಗಿಲು ಧಡಾರನೆ ಬಡಿಯಿತು.

“ರೀ,” ಒಳಗಿಂದ ಕೂಗಿದಳು, “ಆ ಗುಂಡು ಸ್ವಲ್ಪ ಬಾಗಿಲಿಗೆ ಒತ್ತಿಡಿ.”